ಟ್ಯಾಂಕಿಗೆ ಇಳಿಯುವ ಮುಂಚೆ: ಹಡಗಿನವರ ಪ್ರಶ್ನೆ, ನಿವೃತ್ತ ಕ್ಯಾಪ್ಟನ್ ಉತ್ತರ

ಅಡ್ಮಿನ್: ಇವತ್ತು ಕ್ಯಾಪ್ಟನ್ ಸರ್ ಗ್ರೂಪಿನಲ್ಲಿ ಇರುತ್ತಾರೆ. ವಿಷಯ, ಹಡಗಿನಲ್ಲಿ ಸೇಫ್ಟಿ. ಕಂಪನಿ ಹೆಸರು ಹಾಕಬೇಡಿ.

ಸುರತ್ಕಲ್ ಹುಡುಗ: ಸರ್, ಮರ್ಚೆಂಟ್ ನೇವಿಯಲ್ಲಿ ಈಗ ಸಂಬಳ ಎಷ್ಟು?

ಕ್ಯಾಪ್ಟನ್: ವಿಷಯ ಸೇಫ್ಟಿ.

ಡೆಕ್ ಕೆಡೆಟ್: ನಮ್ಮ ಚೀಫ್ ಆಫೀಸರ್ ಟ್ಯಾಂಕ್ ಎಂಟ್ರಿ ಪರ್ಮಿಟ್ಟನ್ನು ಆಫೀಸಲ್ಲೇ ಕೂತು ತುಂಬುತ್ತಾರೆ. ಮೇಲೆ, ನಡುವೆ, ತಳ, ಮೂರೂ ಕಡೆ ಆಕ್ಸಿಜನ್ ಶೇ. 20.9, ಹೊರಗಿನ ಗಾಳಿಯಷ್ಟೇ, ಅಂತ ಬರೆಯುತ್ತಾರೆ. ಗ್ಯಾಸ್ ಮೀಟರ್ ಚಾರ್ಜಿಗೆ ಹಾಕಿದ್ದು ಹಾಗೇ ಇರುತ್ತದೆ. ಬೋಸನ್ (ಡೆಕ್ ನಾವಿಕರ ಮೇಸ್ತ್ರಿ) ನೋಡಿಯೂ ಸುಮ್ಮನಿರುತ್ತಾರೆ. ನಾಳೆ ಬ್ಯಾಲಸ್ಟ್ ಟ್ಯಾಂಕಿಗೆ (ಹಡಗಿನ ಸಮತೋಲಕ್ಕೆ ನೀರು ತುಂಬುವ ಟ್ಯಾಂಕ್) ನನ್ನನ್ನೂ ಇಳಿ ಅಂದಿದ್ದಾರೆ. ಆಗಲ್ಲ ಅಂದರೆ ರಿಪೋರ್ಟ್ ಹಾಳು ಮಾಡುತ್ತಾರೆ.

ಕ್ಯಾಪ್ಟನ್: ಇಳಿಯಬೇಡ. ಉಳಿದದ್ದು ಆಮೇಲೆ.

ಮುಚ್ಚಿಟ್ಟ ಟ್ಯಾಂಕಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಆಕ್ಸಿಜನ್ ತಿಂದುಹಾಕುತ್ತದೆ. ವಾಸನೆ ಬರಲ್ಲ, ಉಸಿರು ಕಟ್ಟಿದ ಹಾಗೂ ಆಗಲ್ಲ. ತೀರಾ ಕಮ್ಮಿ ಇದ್ದರೆ ಒಂದೆರಡು ಉಸಿರಿಗೇ ಪ್ರಜ್ಞೆ ಹೋಗುತ್ತದೆ. ಮೇಲಿದ್ದವನು ಎತ್ತೋಕೆ ಅಂತ ಓಡಿ ಇಳಿಯುತ್ತಾನೆ, ಅವನೂ ಅಲ್ಲೇ ಬೀಳುತ್ತಾನೆ.

ಚೀಫ್ ಆಫೀಸರ್ ಹತ್ತಿರ ವಾದ ಬೇಡ. "ಸರ್, ಮೀಟರ್ ತರ್ತೀನಿ, ರೀಡಿಂಗ್ ತೆಗೆಯೋದು ಹೇಳಿಕೊಡಿ, ಟ್ರೇನಿಂಗ್ ಬುಕ್ಕಿಗೆ ಬೇಕು" ಅನ್ನು. ಎಷ್ಟೋ ಜನ ಅಷ್ಟಕ್ಕೇ ದಾರಿಗೆ ಬರುತ್ತಾರೆ. ಬರಲಿಲ್ಲವಾ, ಸೀದಾ ಮಾಸ್ಟರ್ ಹತ್ತಿರ, ಅಂದರೆ ನಿಮ್ಮ ಹಡಗಿನ ಕ್ಯಾಪ್ಟನ್ ಹತ್ತಿರ ಹೋಗು.

ನಿಜ ಹೇಳಬೇಕೆಂದರೆ ಚೀಫ್ ಆಫೀಸರ್‌ಗಿಂತ ನಿಮ್ಮ ಬೋಸನ್ ಬಗ್ಗೆ ನನಗೆ ಜಾಸ್ತಿ ಚಿಂತೆ. ಅಷ್ಟು ಅನುಭವ ಇರುವವನು ನೋಡಿಯೂ ಸುಮ್ಮನಿದ್ದಾನೆ ಅಂದರೆ ಹಿಂದೆ ಬಾಯಿ ಬಿಟ್ಟು ಬೈಸಿಕೊಂಡಿರಬೇಕು. ಎಲ್ಲರೆದುರು ಒಬ್ಬನಿಗೆ "ನಿನಗೇನು ಗೊತ್ತು" ಅಂದುಬಿಟ್ಟರೆ ಆ ಹಡಗಿನಲ್ಲಿ ಮತ್ತೆ ಯಾರೂ ತುಟಿ ಬಿಚ್ಚಲ್ಲ.

ಮಲ್ಪೆ ಅಣ್ಣ: (ಫಾರ್ವರ್ಡ್) ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ದೀಪ ಇಳಿಸಿ ನೋಡಿ. ಉರಿದರೆ ಗಾಳಿ ಇದೆ. ನಮ್ಮಜ್ಜ ಬಾವಿಗೆ ಹೀಗೇ ಇಳಿಯುತ್ತಿದ್ದರು.

ಕ್ಯಾಪ್ಟನ್: ಡಿಲೀಟ್ ಮಾಡಿ. ಒದ್ದೆ ಬಟ್ಟೆಯಿಂದ ಆಕ್ಸಿಜನ್ ಹುಟ್ಟಲ್ಲ. ಎಣ್ಣೆ ಹಡಗಿನ ಟ್ಯಾಂಕಿಗೆ ದೀಪ ಇಳಿಸಿದರೆ ಡೆಕ್ಕೇ ಹಾರಿಹೋಗುತ್ತದೆ.

ಎಬಿ ಮನೆಯವರು, ಕುಂದಾಪುರ: ನಮ್ಮವರು ಎಬಿ, ಡೆಕ್ ನಾವಿಕ. ಸರಿಯಾಗಿ ನಿದ್ದೆಯೇ ಇಲ್ಲ. ರೆಸ್ಟ್ ಅವರ್ ಶೀಟ್ ಮಾತ್ರ ಸರಿಯಾಗಿರುತ್ತದೆ. ಕಂಪನಿ ಆಫೀಸಿನ ಡಿಪಿಎಗೆ (ಹಡಗಿನವರ ಸೇಫ್ಟಿ ದೂರು ಕೇಳುವ ಅಧಿಕಾರಿ) ಹೇಳಿದರೆ ಹೆಸರು ಗುಟ್ಟಾಗಿ ಇಡುತ್ತಾರಾ?

ಥರ್ಡ್ ಎಂಜಿನಿಯರ್: ಇದೆಲ್ಲ ಯಾವ ದೇಶದ ಸಿಬ್ಬಂದಿ ಅನ್ನೋದರ ಮೇಲೆ. ಫಿಲಿಪೀನ್ಸ್‌ನವರು ಎಲ್ಲದಕ್ಕೂ ಯೆಸ್ ಸರ್. ಬಿಳಿಯರು ಮುಖಕ್ಕೇ ಹೇಳುತ್ತಾರೆ.

ಹಳೇ ಬೋಸನ್: ನಮ್ಮವರೇನು ಕಮ್ಮಿಯಾ? ಕ್ಯಾಪ್ಟನ್ ಎದುರು ಕೈ ಕಟ್ಟಿ ನಿಲ್ಲುತ್ತಾರೆ.

ಥರ್ಡ್ ಎಂಜಿನಿಯರ್: ನೀವು ಎಷ್ಟು ಫಾರಿನ್ ಹಡಗು ನೋಡಿದ್ದೀರಿ?

ಹಳೇ ಬೋಸನ್: ನೀನು ಚಡ್ಡಿ ಹಾಕುವ ಮೊದಲಿನಿಂದ.

ಕ್ಯಾಪ್ಟನ್: ಸಾಕು. ಎಲ್ ಫಾರೋ ಅಮೆರಿಕದ ಹಡಗು, ಕ್ಯಾಪ್ಟನ್, ಆಫೀಸರ್‌ಗಳೆಲ್ಲ ಅಮೆರಿಕದವರು. ಚಂಡಮಾರುತದ ಕಡೆಗೇ ಹೋಗುತ್ತಿತ್ತು. ರಾತ್ರಿ ಥರ್ಡ್ ಮೇಟ್ (ಕಿರಿಯ ಆಫೀಸರ್) ಕ್ಯಾಪ್ಟನ್ ಕ್ಯಾಬಿನ್‌ಗೆ ಫೋನ್ ಮಾಡಿದ, ಆಮೇಲೆ ಸೆಕೆಂಡ್ ಮೇಟ್ ಮಾಡಿದಳು. ಇಬ್ಬರೂ ದಕ್ಷಿಣಕ್ಕೆ ತಿರುಗಿಸೋಣ ಅಂದರು. ಕ್ಯಾಪ್ಟನ್ ದಾರಿ ಬದಲಿಸಲಿಲ್ಲ, ಅವರೂ ಹಟ ಹಿಡಿಯಲಿಲ್ಲ. 2015ರ ಅಕ್ಟೋಬರ್ 1ರಂದು 33 ಜನ ಮುಳುಗಿದರು. ಬ್ರಿಜ್ಜಿನ (ಹಡಗು ನಡೆಸುವ ಕೋಣೆ) ಮಾತುಕತೆ ರೆಕಾರ್ಡ್ ಆಗಿದೆ, ಓದಿ. ಪಾಸ್‌ಪೋರ್ಟ್ ನೋಡಿ ಧೈರ್ಯ ಅಳೆಯಬೇಡಿ.

ಥರ್ಡ್ ಎಂಜಿನಿಯರ್: ಹಡಗು ಸೇಫ್ಟಿಗೆ ಅಂತ ಐಎಸ್ಎಂ ಕೋಡ್ ಎಂಬ ಅಂತರರಾಷ್ಟ್ರೀಯ ನಿಯಮ ಇದ್ದೂ ಹೀಗಾಯಿತಲ್ಲ? ಸುಮ್ನೆ ಕಾಗದ.

ಕ್ಯಾಪ್ಟನ್: ಅದು ಬಂದದ್ದು ಯಾಕೆ ಗೊತ್ತಾ? 1987ರಲ್ಲಿ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ, ಜನ, ವಾಹನ ಸಾಗಿಸುವ ಫೆರ್ರಿ ಮುಂಬಾಗಿಲು ತೆರೆದೇ ಬೆಲ್ಜಿಯಂನಿಂದ ಹೊರಟು ಮಗುಚಿತು. 193 ಸಾವು. ಬಾಗಿಲು ಮುಚ್ಚಿದೆಯಾ ಅಂತ ತೋರಿಸುವ ದೀಪ ಬ್ರಿಜ್ಜಿಗೆ ಬೇಕು ಅಂತ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು. ದಡದ ಆಫೀಸು ಗೇಲಿ ಮಾಡಿತ್ತು. ಅದಕ್ಕೇ ಆಫೀಸನ್ನೂ ಹೊಣೆ ಮಾಡಿದ್ದು. ಕಾಗದ ಮಾಡಿಕೊಂಡವರು ನೀವು.

ಥರ್ಡ್ ಎಂಜಿನಿಯರ್: "ನೀವು" ಅಂದರೆ ಯಾರು ಸರ್? ಮಾತು ಸರಿ ಇರಲಿ.

ಹಳೇ ಬೋಸನ್: ತಾಗಿತು ನೋಡಿ!

ಎಬಿ ಮನೆಯವರು, ಕುಂದಾಪುರ: ಸರ್, ಡಿಪಿಎ ವಿಷಯ ಕೇಳಿದ್ದೆ…

ಮಲ್ಪೆ ಅಣ್ಣ: (ಫಾರ್ವರ್ಡ್) ಜೇಬಿನಲ್ಲಿ ಕರ್ಪೂರ ಇಟ್ಟುಕೊಂಡರೆ ಆಕ್ಸಿಜನ್ ಮಟ್ಟ ಏರುತ್ತದೆ. ಎಲ್ಲರಿಗೂ ಕಳಿಸಿ.

ಕ್ಯಾಪ್ಟನ್: ಅಡ್ಮಿನ್, ಇವರನ್ನು ತೆಗೀರಿ. ಇಲ್ಲಾಂದ್ರೆ ನಾನು ಹೊರಟೆ.

ಅಡ್ಮಿನ್: ಇವತ್ತಿಗೆ ಕಮೆಂಟ್ ಬಂದ್.