ಅಪ್‌ಡೇಟ್: ಕಾರ್ಪೆಟ್ ಕ್ಲೀನರ್‌ನ ಗರಗರ ಸದ್ದು, ಸುಟ್ಟ ವಾಸನೆ ಎರಡೂ ಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಕಾರ್ಪೆಟ್ ತೊಳೆಯೋ ಮೆಷಿನ್ ಆನ್ ಮಾಡಿದ ಕೂಡಲೇ ಗರಗರ ಅನ್ನತ್ತೆ, ಎರಡೇ ನಿಮಿಷಕ್ಕೆ ರಬ್ಬರ್ ಸುಟ್ಟ ವಾಸನೆ ಬರತ್ತೆ ಅಂತ. ರಿಪೇರಿ ಆಯ್ತು. ಖರ್ಚು ಒಂದು ಬೆಲ್ಟಿನದ್ದು ಮಾತ್ರ (ಕಾರ್ಪೆಟ್ ಉಜ್ಜೋ ಬ್ರಷ್ ರೋಲರನ್ನ ಮೋಟಾರಿಂದ ತಿರುಗಿಸೋ ರಬ್ಬರ್ ಪಟ್ಟಿ).

ಫಿಲ್ಟರ್ ತೊಳೆದು ಒಣಗಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಮೋಟಾರಿನ ಕಾರ್ಬನ್ ಬ್ರಷ್ (ಒಳಗೆ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಚಿಕ್ಕ ತುಂಡು) ಸವೆದಿರಬೇಕು ಅಂದಿದ್ರು ಒಬ್ಬರು. ನಾನೂ ಅದನ್ನೇ ನಂಬಿ ಹೊಸ ಮೆಷಿನ್ ಹುಡುಕೋಕೆ ಶುರು ಮಾಡಿದ್ದೆ. ಕೆಲಸಕ್ಕೆ ಬಂದಿದ್ದು "ಬೆಲ್ಟ್ ಬಿಚ್ಚಿ ಬರೀ ಮೋಟಾರ್ ಓಡಿಸಿ ನೋಡಿ" ಅಂದವರ ಮಾತು. ಓಡಿಸಿದೆ. ಸದ್ದೂ ಇಲ್ಲ, ವಾಸನೆಯೂ ಇಲ್ಲ. ಅಂದ್ರೆ ಮೋಟಾರ್ ಸರಿಯಾಗೇ ಇದೆ.

ಪ್ಲಗ್ ಕಿತ್ತು ಬ್ರಷ್ ರೋಲರನ್ನ ಕೈಯಲ್ಲಿ ತಿರುಗಿಸಿದ್ರೆ ಜಪ್ಪಯ್ಯ ಅಂದ್ರೂ ಅಲುಗಾಡಲ್ಲ. ತುದಿಯ ಮುಚ್ಚಳ ಬಿಚ್ಚಿದೆ. ಒಳಗೆ ಕೂದಲು ಸುತ್ತಿಕೊಂಡು ಗಟ್ಟಿ ಉಂಗುರ ಆಗಿತ್ತು, ನಡುನಡುವೆ ಮಿನುಗ್ತಿದ್ದದ್ದು ಅಮ್ಮನ ಸೀರೆಯ ಜರಿ ಎಳೆ! ಊರಿಂದ ಡಲ್ಲಾಸ್‌ಗೆ ಬಂದು ಆರು ತಿಂಗಳು ಇದ್ದು ಹೋದ ಗುರುತು. ಬ್ಲೇಡಿನಲ್ಲಿ ಕೊಯ್ದು ತೆಗೆಯೋಕೆ ಅರ್ಧ ಗಂಟೆ ಹಿಡೀತು. ರೋಲರ್ ನಿಂತಿದ್ರೂ ಮೋಟಾರ್ ತಿರುಗ್ತಾನೇ ಇತ್ತಲ್ಲ, ಬೆಲ್ಟ್ ಉಜ್ಜಿ ಉಜ್ಜಿ ಕರಗ್ತಿತ್ತು. ವಾಸನೆ ಅದರದ್ದೇ.

ನನಗೆ ಗೊತ್ತಿಲ್ಲದೇ ಇದ್ದದ್ದು: ಬೆಲ್ಟ್ ತುಂಡಾಗದಿದ್ರೂ ಒಳಮೈ ಗಾಜಿನ ಹಾಗೆ ನುಣುಪಾದ್ರೆ ಜಾರತ್ತೆ. ಜಿಪುಣತನ ಮಾಡಿ ಹಳೇದನ್ನೇ ಮತ್ತೆ ಹಾಕಿದ್ದೆ, ವಾಸನೆ ವಾಪಸ್ ಬಂತು. ಹೊಸದು ಹಾಕಿದ ಮೇಲೆ ಹಾಲ್, ಎರಡು ರೂಮು ತೊಳೆದಾಯ್ತು. ಈಗ ಬರೀ ಗುಂಯ್ ಅನ್ನತ್ತೆ, ಅದು ಮೊದಲಿಂದಲೂ ಇದ್ದದ್ದೇ.