ಪದಚರ್ಚೆ: ಡೈನಮಿಕ್ ಕಂಪ್ರೆಷನ್, ಡ್ಯುರೇಶನ್‌ಗಳಿಗೆ ಏನನ್ನೋಣ?

ಪ್ರಶ್ನೆ:
ನಮಸ್ಕಾರ. ರಸ್ತೆ ಕಾರಿನ ಷೆವ್ರೊಲೆ 350 ಸ್ಮಾಲ್ ಬ್ಲಾಕ್ (350 ಘನ ಇಂಚಿನ ವಿ8) ಎಂಜಿನ್ ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ ನೋಡುವುದು ಹೇಗೆ ಎಂಬ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಟ್ಯಾಟಿಕ್ ಕಂಪ್ರೆಷನ್ ರೇಶಿಯೊ (ಪಿಸ್ಟನ್ ಕೆಳತುದಿಯಲ್ಲಿದ್ದಾಗಿನ ಜಾಗ ಮೇಲ್ತುದಿಯಲ್ಲಿದ್ದಾಗಿನದರ ಎಷ್ಟು ಪಟ್ಟು ಎಂಬುದು) ‘ಸ್ಥಿರ ಸಂಪೀಡನ ಅನುಪಾತ’, ಡೈನಮಿಕ್ ಆದರೆ ‘ಚಲನ ಸಂಪೀಡನ ಅನುಪಾತ’, ಕ್ಯಾಮ್ (ವಾಲ್ವ್ ತೆರೆಯುವ ದಂಡ) ಡ್ಯುರೇಶನ್ ‘ಅವಧಿ’, ವಾಲ್ಯುಮೆಟ್ರಿಕ್ ಎಫಿಶಿಯನ್ಸಿ (ಸಿಲಿಂಡರ್ ಹಿಡಿಸುವಷ್ಟರಲ್ಲಿ ನಿಜಕ್ಕೂ ಒಳಬಂದ ಗಾಳಿಯ ಪಾಲು) ‘ಗಾತ್ರೀಯ ದಕ್ಷತೆ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ? ಸಿಮ್ಯುಲೇಶನ್‌ಗೆ ‘ಅನುಕರಣೆ’ ಯಾಕೋ ಒಗ್ಗುತ್ತಿಲ್ಲ.

ಉತ್ತರ 1:
ಸರ್, ‘ಸಂಪೀಡನ’ ಪಠ್ಯಪುಸ್ತಕದ ಮಾತು. ಗ್ಯಾರೇಜಿನಲ್ಲಿ ‘ಕಂಪ್ರೆಷನ್’ ಅಂದರೇ ತಿಳಿಯುವುದು, ಅದನ್ನೇ ಇಡಿ. ‘ಚಲನ’ ಮಾತ್ರ ತಪ್ಪು ದಾರಿಗೆ ಎಳೆಯುತ್ತದೆ. ಎಂಜಿನ್ ಓಡುವಾಗ ಅಳೆದ ಸಂಖ್ಯೆ ಎಂದು ಓದುಗ ತಿಳಿಯುತ್ತಾನೆ. ಅದು ಬರೀ ಜ್ಯಾಮಿತಿಯ ಲೆಕ್ಕ.

ನಿಮ್ಮ 350ನ್ನೇ ನೋಡಿ. ಬೋರ್ (ಸಿಲಿಂಡರಿನ ಅಡ್ಡಳತೆ) 101.6, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 88.4 ಮಿ.ಮೀ., ಅಂದರೆ ಒಂದು ಸಿಲಿಂಡರಿಗೆ 716.6 ಸಿ.ಸಿ. ಹೆಡ್ಡಿನ ಚೇಂಬರ್ 64 ಸಿ.ಸಿ., 1 ಮಿ.ಮೀ. ಗ್ಯಾಸ್ಕೆಟ್‌ನಿಂದ 8.5, ಡೆಕ್‌ಗಿಂತ (ಬ್ಲಾಕಿನ ಮೇಲ್ಮೈಗಿಂತ) 0.63 ಮಿ.ಮೀ. ಕೆಳಗೆ ನಿಲ್ಲುವ ಪಿಸ್ಟನ್‌ನಿಂದ 5.1, ಪಿಸ್ಟನ್ ತಲೆಯ ವಾಲ್ವ್ ಗುಳಿಗಳಿಂದ 5. ಒಟ್ಟು 82.6. 716.6ಕ್ಕೆ ಇದನ್ನು ಕೂಡಿಸಿ ಇದರಿಂದಲೇ ಭಾಗಿಸಿದರೆ ಕಂಪ್ರೆಷನ್ 9.7. ಚೇಂಬರ್ 76 ಸಿ.ಸಿ.ಯದ್ದಾದರೆ ಅದೇ ಎಂಜಿನ್ 8.6ಕ್ಕೆ ಇಳಿಯುತ್ತದೆ. ಕೈಪಿಡಿಯಲ್ಲಿ ‘ಬ್ಯೂರೆಟ್‌ನಿಂದ ಅಳೆದು ಹಾಕಿ, ಕ್ಯಾಟಲಾಗ್ ನಂಬಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ.

ಆದರೆ ಪಿಸ್ಟನ್ ಮೇಲೇರತೊಡಗಿದಾಗ ಇನ್‌ಟೇಕ್ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಪಿಸ್ಟನ್ ಕೆಳತುದಿ ದಾಟಿ ಕ್ರ್ಯಾಂಕ್ 60 ಡಿಗ್ರಿ ತಿರುಗಿದಾಗ ಅದು ಮುಚ್ಚಿದರೆ, 144.8 ಮಿ.ಮೀ. ಕನೆಕ್ಟಿಂಗ್ ರಾಡ್ ಇರುವ ಈ ಎಂಜಿನ್ನಿನಲ್ಲಿ ಒತ್ತಲು ಉಳಿಯುವ ಸ್ಟ್ರೋಕ್ 71.4 ಮಿ.ಮೀ. ಅನುಪಾತ 8.0. 70 ಡಿಗ್ರಿಗೆ ಮುಚ್ಚಿದರೆ 7.4. ಪಂಪಿನ ಪೆಟ್ರೋಲು, ಕಬ್ಬಿಣದ ಹೆಡ್ ಇದ್ದರೆ 8ರ ಆಸುಪಾಸು ಎಂಬುದು ಕಟ್ಟುವವರ ರೂಢಿ. ಆದ್ದರಿಂದ ‘ವಾಲ್ವ್ ಮುಚ್ಚಿದ ಮೇಲಿನ ಕಂಪ್ರೆಷನ್’ ಅನ್ನಿ. ಉದ್ದವಾಯಿತು, ನಿಜ. ಆದರೆ ಲೆಕ್ಕ ಎಲ್ಲಿಂದ ಶುರು ಎಂಬುದು ಹೆಸರಿನಲ್ಲೇ ಇದೆ. ಸ್ಟ್ಯಾಟಿಕ್ ಅನ್ನುವುದಕ್ಕೆ ಬರೀ ‘ಕಂಪ್ರೆಷನ್’ ಸಾಕು.

ಡ್ಯುರೇಶನ್‌ಗೆ ‘ಅವಧಿ’ ಬೇಡವೇ ಬೇಡ. ಅದು ವಾಲ್ವ್ ತೆರೆದಿರುವಾಗ ಕ್ರ್ಯಾಂಕ್ ತಿರುಗುವ ಡಿಗ್ರಿ, ಕಾಲ ಅಲ್ಲ. 268 ಡಿಗ್ರಿ ಅಂದರೆ 3000 ಆರ್‌ಪಿಎಂನಲ್ಲಿ ಸುಮಾರು 15 ಮಿಲಿಸೆಕೆಂಡ್, 6000ದಲ್ಲಿ ಅದರ ಅರ್ಧ. ‘ತೆರಪು’ ಎನ್ನಬಹುದು.

ಸಿಮ್ಯುಲೇಶನ್ ಹಾಗೇ ಇರಲಿ, ಕ್ರಿಯಾಪದ ‘ಓಡಿಸಿ ನೋಡು’. ‘ಅನುಕರಣೆ’ ಅಂದರೆ ಒಬ್ಬರ ಶೈಲಿ ಕದ್ದ ಹಾಗೆ ಕೇಳಿಸುತ್ತದೆ.

ಉತ್ತರ 2:
ಮೇಲಿನವರ ಮಾತಿಗೆ ಬಹುತೇಕ ಒಪ್ಪಿಗೆ, ‘ತೆರಪು’ ಬಿಟ್ಟು. ವಾಲ್ವ್ ಎಷ್ಟು ಮೇಲೇಳುತ್ತದೆ ಎಂಬ ಲಿಫ್ಟ್ ಕೂಡ ತೆರಪೇ ಅಲ್ಲವೇ? ‘ತೆರೆದ ಡಿಗ್ರಿ’, ‘ಎತ್ತರ’ ಎಂದು ಬೇರ್ಪಡಿಸಿ.

ಡಿಗ್ರಿಯ ಜೊತೆಗೆ ಯಾವ ಎತ್ತರದಲ್ಲಿ ಅಳೆದದ್ದು ಎಂಬುದೂ ಬರಲೇಬೇಕು. ಒಂದೇ ಕ್ಯಾಮ್‌ಗೆ ಕ್ಯಾಟಲಾಗಿನಲ್ಲಿ 268 ಎಂದೂ ಇರುತ್ತದೆ, 224 ಎಂದೂ ಇರುತ್ತದೆ. ಮೊದಲನೆಯದು ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ಏಳುವ ಭಾಗ) 0.006 ಇಂಚು ಎದ್ದಾಗಿನಿಂದ, ಎರಡನೆಯದು 0.050 ಇಂಚಿನಿಂದ. ಇನ್‌ಟೇಕ್ ಸೆಂಟರ್‌ಲೈನ್ (ಪಿಸ್ಟನ್ ಮೇಲ್ತುದಿ ದಾಟಿದ ಮೇಲೆ ವಾಲ್ವ್ ಪೂರ್ತಿ ತೆರೆದಿರುವ ಡಿಗ್ರಿ) 106 ಆದರೆ 268ರ ವಾಲ್ವ್ ಮುಚ್ಚುವುದು 60 ಡಿಗ್ರಿಗೆ. 268 ಹಾಕಬೇಕಾದ ಕಡೆ 224 ಹಾಕಿದರೆ ಪ್ರೋಗ್ರಾಂ 38 ಡಿಗ್ರಿ ಎಂದುಕೊಂಡು 8.0ರ ಬದಲು 9.0 ತೋರಿಸುತ್ತದೆ. ನಾಕಿಂಗ್‌ಗೆ (ಇಂಧನ ತಾನಾಗಿ ಸಿಡಿದು ಬಡಿಯುವುದಕ್ಕೆ) ಹೆದರಿ ದಪ್ಪ ಗ್ಯಾಸ್ಕೆಟ್ ಹಾಕಿದರೆ ಪಿಕಪ್ಪೂ ಹೋಯಿತು, ದುಡ್ಡೂ ಹೋಯಿತು.

‘ಗಾತ್ರೀಯ ದಕ್ಷತೆ’ಯದ್ದು ಬೇರೆ ತೊಡಕು. ಟ್ಯೂನ್ ಮಾಡಿದ ಇನ್‌ಟೇಕ್ ಇದ್ದರೆ ಅದು 100% ಮೀರಬಹುದು. ‘ದಕ್ಷತೆ’ ಎಂದರೆ ಓದುಗ ಅಚ್ಚಿನ ತಪ್ಪು ಎಂದುಕೊಳ್ಳುತ್ತಾನೆ. ‘ಸಿಲಿಂಡರ್ ತುಂಬಿಕೆ’ ಎಂದರೆ 104% ಓದಿದರೂ ಗಾಬರಿಯಾಗದು. ತುಂಬುವುದು-ಖಾಲಿಯಾಗುವುದು ಮಾತ್ರ ಲೆಕ್ಕ ಹಾಕುವ ಸರಳ ಪ್ರೋಗ್ರಾಂಗಳು ಪೈಪಿನೊಳಗಿನ ಒತ್ತಡದ ಅಲೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್‌ಟೇಕ್ ಪೈಪಿನ ಉದ್ದ ಆರಿಸಲು ಅವನ್ನು ನಂಬಬಾರದು.

ಹೆಡ್ಡಿನ ಫ್ಲೋಗೆ (ಅದರ ಮೂಲಕ ಹಾಯುವ ಗಾಳಿಗೆ) ‘ಹರಿವು’ ಚೆನ್ನಾಗಿದೆ. ಒತ್ತಡ ಮಾತ್ರ ಬಿಡಬೇಡಿ. 10 ಇಂಚು ನೀರಿನ ಒತ್ತಡದಲ್ಲಿ ಅಳೆದ ಹರಿವನ್ನು 28 ಇಂಚಿನ ಲೆಕ್ಕಕ್ಕೆ ತರಲು 1.67ರಿಂದ ಗುಣಿಸಬೇಕು.