ಏರ್ ರೈಫಲ್ ಸ್ಟಾಕ್‌ಗೆ ಮನೆಯಲ್ಲೇ ಮಾಡಿದ ಸ್ಟ್ಯಾಂಡ್: ಉಜ್ಜುವಾಗ ಹೊರಳುತ್ತೆ, ಗುರಿಯೂ ತಪ್ಪುತ್ತೆ

ಪ್ರಶ್ನೆ (ಮಡಿಕೇರಿಯಿಂದ)

ನಮಸ್ಕಾರ. ನನ್ನದು .177 (ಸುಮಾರು 4.5 ಎಂ.ಎಂ. ಗುಂಡಿನ) ಸ್ಪ್ರಿಂಗ್ ಏರ್ ರೈಫಲ್, ಬೀಚ್ ಮರದ ಸ್ಟಾಕ್ (ಬಂದೂಕಿನ ಮರದ ಮೈ). ಹಳೇ ವಾರ್ನಿಷ್ ತೆಗೆದು ಅಗಸೆ ಎಣ್ಣೆ ಕೊಡಬೇಕು. 18 ಎಂ.ಎಂ. ಪ್ಲೈವುಡ್‌ನಲ್ಲಿ ಎರಡು ಕವಲಿನ ಸ್ಟ್ಯಾಂಡ್ ಮಾಡಿ, ಕಂಬಳಿ ಚೂರು ಅಂಟಿಸಿದ್ದೇನೆ. ಆದರೂ ಉಜ್ಜುವಾಗ ಹೊರಳುತ್ತೆ. ವೈಸ್‌ಗೆ (ಮೇಜಿನ ಇಕ್ಕಳಕ್ಕೆ) ಬಿಗಿದರೆ ಮರ ನೆಗ್ಗುತ್ತೆ, ಕೆನ್ನೆ ತಾಗುವ ಕಡೆ ಒಂದು ತಗ್ಗು ಬಿದ್ದಿದೆ. ಇನ್ನೊಂದು: ಇದೇ ಸ್ಟ್ಯಾಂಡ್‌ಗೆ ಕಟ್ಟಿ 10 ಮೀಟರ್‌ಗೆ ಜೀರೋ ಮಾಡಿದ್ದೆ, ಅಂದರೆ ಗುರಿ ಇಟ್ಟಲ್ಲೇ ಪೆಲೆಟ್ (ಗುಂಡು) ಬೀಳುವ ಹಾಗೆ ಹೊಂದಿಸಿದ್ದೆ. ಕೈಯಲ್ಲಿ ಹಿಡಿದು ಹೊಡೆದರೆ ಪೆಲೆಟ್ ಬೇರೆ ಕಡೆ ಬೀಳುತ್ತೆ. ಏನು ಮಾಡಲಿ?

ಉತ್ತರ 1

ಸರ್, ಸ್ಟಾಕನ್ನು ಹೊರಗಿನಿಂದ ಹಿಡಿಯಲೇಬೇಡಿ, ಒಳಗಿನಿಂದ ಹಿಡಿಯಿರಿ. ರೈಫಲ್ ಖಾಲಿ ಇದೆ, ಸ್ಪ್ರಿಂಗ್ ಎಳೆದಿಲ್ಲ ಅಂತ ನೋಡಿಕೊಂಡು ಸ್ಟಾಕ್ ಬಿಚ್ಚಿ. ಸಿಲಿಂಡರ್ (ಸ್ಪ್ರಿಂಗ್, ಪಿಸ್ಟನ್ ಇರುವ ಕೊಳವೆ) ಕೂರುವ ಕಾಲುವೆ ಇದೆಯಲ್ವಾ, ಅದರೊಳಗೆ ಕೂರುವ ಹಾಗೆ ಒಂದು ರೀಪಿನ ಕೆಳಗಡೆ ದುಂಡಗೆ ಹೆರೆಯಿರಿ. ರೀಪು ಸ್ಟಾಕಿಗಿಂತ ಎರಡು ಇಂಚು ಮೇಲೆ ಚಾಚಿರಲಿ. ಮುಂದಿನ ಎರಡು ಪಕ್ಕದ ಸ್ಕ್ರೂ ತೂತುಗಳಿಂದಲೇ ರೀಪಿಗೆ ಮರದ ಸ್ಕ್ರೂ ಹಾಕಿ, ತಲೆಯಡಿ ವಾಷರ್ ಇರಲಿ. ಈಗ ವೈಸ್‌ಗೆ ರೀಪನ್ನು ಕಚ್ಚಿಸಿ. ಸ್ಟಾಕ್ ತಲೆಕೆಳಗಾಗಿ ನಿಲ್ಲುತ್ತೆ, ಹೊಟ್ಟೆ, ಪಕ್ಕ, ಹಿಡಿ ಎಲ್ಲಕ್ಕೂ ಕೈ ಸಿಗುತ್ತೆ. ಬಟ್ ಪ್ಯಾಡ್ (ಸ್ಟಾಕಿನ ಹಿಂತುದಿಯಲ್ಲಿ ಭುಜಕ್ಕೆ ತಾಗುವ ಪ್ಯಾಡ್) ತೆಗೆಯದೆ ಉಜ್ಜಿ, ಇಲ್ಲಾಂದ್ರೆ ಅಂಚು ದುಂಡಾಗಿ ಆಮೇಲೆ ಪ್ಯಾಡ್ ಹೊರಗೆ ಚಾಚುತ್ತೆ.

ತಗ್ಗಿಗೆ: ಆ ಜಾಗದ ವಾರ್ನಿಷ್ ಪೂರ್ತಿ ತೆಗೆದು, ಒದ್ದೆ ಹತ್ತಿ ಬಟ್ಟೆ ಮಡಿಸಿಟ್ಟು, ಬಿಸಿ ಇಸ್ತ್ರಿ ಪೆಟ್ಟಿಗೆಯ ಮೂತಿ ಕೆಲವು ಸೆಕೆಂಡ್ ಒತ್ತಿ. ಹಬೆಗೆ ನಾರು ಉಬ್ಬುತ್ತೆ. ನಾರು ಕಡಿದು ಹೋಗಿದ್ದರೆ ಮೇಲೇಳುವುದಿಲ್ಲ.

ಎಣ್ಣೆ ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಉಳಿದದ್ದನ್ನು ಒರೆಸಿಬಿಡಿ. ನಿಮ್ಮ ಕಡೆ ಮಳೆಗಾಲದಲ್ಲಿ ನಿಧಾನವಾಗಿ ಒಣಗುತ್ತೆ, ಆತುರ ಬೇಡ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಇಲ್ಲವೇ ಬಯಲಲ್ಲಿ ಹರಡಿ ಒಣಗಿಸಿ.

ಉತ್ತರ 2

ಜೀರೋ ವಿಷಯಕ್ಕೆ ನಾನು ಸೇರಿಸುತ್ತೇನೆ. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ನಳಿಗೆ ಬಿಡುವ ಮೊದಲೇ ಪಿಸ್ಟನ್ ಓಡಿ ಇಡೀ ಬಂದೂಕು ಹಿಂದೆ ಮುಂದೆ ಕುಲುಕುತ್ತೆ. ಕಟ್ಟಿಹಾಕಿದರೆ ಆ ಕುಲುಕಾಟ ಬದಲಾಗುತ್ತೆ, ಪೆಲೆಟ್ ಬೀಳುವ ಜಾಗವೂ ಬದಲಾಗುತ್ತೆ. ಸ್ಟ್ಯಾಂಡ್ ಮೇಲೆ ಮರಳು ಚೀಲ, ಚೀಲದ ಮೇಲೆ ನಿಮ್ಮ ಅಂಗೈ, ಅಂಗೈ ಮೇಲೆ ಸ್ಟಾಕ್. ಬಿಗಿಯದೆ ಸುಮ್ನೆ ಕೂರಿಸಿ, ಪ್ರತಿ ಸಲ ಅದೇ ಜಾಗದಲ್ಲಿ. ಜೀರೋ ಹಾಗೇ ಮಾಡಿ.

ಸ್ಟಾಕ್ ಮತ್ತೆ ಜೋಡಿಸಿದ ಮೇಲೆ ಹತ್ತಿಪ್ಪತ್ತು ಪೆಲೆಟ್ ಹೊಡೆದು ಸ್ಕ್ರೂಗಳನ್ನು ಇನ್ನೊಮ್ಮೆ ನೋಡಿ. ಅದುರಿ ಸಡಿಲ ಆಗುತ್ತವೆ, ಆಗಲೂ ಗುರಿ ಹೀಗೇ ಅಲೆದಾಡುತ್ತೆ.